ಬಲ್ಬ್ ಆಮೇಲೆ, ಮೊದಲು ಅರ್ಥ್

ಪುಣೆ–ಹೈದರಾಬಾದ್ ರಸ್ತೆ ಬೀದರ್ ಜಿಲ್ಲೆಯನ್ನು ಹಾದುಹೋಗುವ ಉದ್ದಕ್ಕೂ ಲಾರಿಯದೇ ಲೋಕ. ಹಿಂದೆ ಇದು 9ನೇ ನಂಬರಿನ ಹೆದ್ದಾರಿ, ಈಗ 65. ಉಮರ್ಗಾ ದಾಟಿ ಕರ್ನಾಟಕದೊಳಗೆ ಬಂದರೆ ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ, ಮುಂದೆ ಹುಮನಾಬಾದ್, ಮನ್ನಾಎಖೇಳಿ, ಆಮೇಲೆ ತೆಲಂಗಾಣದ ಜಹೀರಾಬಾದ್. ಬಸವಕಲ್ಯಾಣವನ್ನು ನಾಡು ಶರಣರ ಊರೆಂದು ನೆನೆಯುತ್ತದೆ. ಡ್ರೈವರುಗಳ ಬಾಯಲ್ಲಿ ಅದು ಲಾರಿಗಳ ಊರು, ಆಟೋನಗರದ ಊರು. ಕೆಎ 56 ನಂಬರ್ ಪ್ಲೇಟಿನ ಹತ್ತು ಗಾಲಿ, ಹನ್ನೆರಡು ಗಾಲಿ ಗಾಡಿಗಳನ್ನು ದೂರದ ರಾಜ್ಯಗಳ ಢಾಬಾಗಳ ಮುಂದೆಯೂ ಕಾಣಬಹುದು. ಹುಮನಾಬಾದಿನಲ್ಲಿ ಬೀದರಿನಿಂದ ಕಲಬುರಗಿಗೆ ಇಳಿಯುವ 50ನೇ ಹೆದ್ದಾರಿ ಇದನ್ನು ಕತ್ತರಿಸುತ್ತದೆ. ಎರಡು ದೊಡ್ಡ ರಸ್ತೆ ಕೂಡಿದಲ್ಲಿ ಏನೇನು ಹುಟ್ಟಬೇಕೋ ಅದೆಲ್ಲ ಹುಟ್ಟಿದೆ: ಪಂಕ್ಚರ್ ಅಂಗಡಿ, ಲೇತ್, ಕಮಾನು ಕಟ್ಟುವವರು, ಬಾಡಿ ಪೇಂಟರುಗಳು, ಮತ್ತು ಇವರೆಲ್ಲರ ನಡುವೆ ಸದ್ದಿಲ್ಲದೆ ಕೂತಿರುವ ವೈರಿಂಗ್ ಉಸ್ತಾದರು.

ಈ ಲೇಖನ ಅವರ ಒಂದು ಸಣ್ಣ ಕೆಲಸದ ಬಗ್ಗೆ. ರಾತ್ರಿ ಗಾಡಿ ಹಿಂದಕ್ಕೆ ತೆಗೆಯುವಾಗ ಉರಿಯುವ ಬಿಳಿ ದೀಪವನ್ನು, ಅಂದರೆ ರಿವರ್ಸ್ ಲೈಟನ್ನು, ನಿಜಕ್ಕೂ ಕಣ್ಣಿಗೆ ಉಪಯೋಗವಾಗುವಂತೆ ಮಾಡಿಕೊಡುವ ಕೆಲಸ. ಸೆಲ್ಫ್ ಮೋಟರು, ಡೈನಮೋಗಳಂಥ ದೊಡ್ಡ ರಿಪೇರಿಗಳ ಮುಂದೆ ಇದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೆ ಒಬ್ಬ ವೈರಿಂಗ್‌ನವನ ಕೈ ಎಂಥದು ಎಂದು ತಿಳಿಯಬೇಕಾದರೆ ನಾನು ನೋಡುವುದು ಇದೇ ಕೆಲಸವನ್ನು.

ಹೆದ್ದಾರಿಯ ಮೇಲೆ ಹಿಂದಕ್ಕೆ ಹೋಗುವ ಪ್ರಸಂಗ ಕಡಿಮೆ. ತೊಂದರೆ ಶುರುವಾಗುವುದು ಹೆದ್ದಾರಿ ಬಿಟ್ಟು ನಿರ್ಣಾದಂಥ ಊರುಗಳ ಒಳದಾರಿ ಹಿಡಿದಾಗ. ಹೊಲದಲ್ಲಿ ಮಾಲು ತುಂಬುವುದು ಸಂಜೆಗೆ ಶುರುವಾದರೆ ಪಿಕಪ್ ಹೊರಡುವ ಹೊತ್ತಿಗೆ ರಾತ್ರಿ ಎಂಟೋ ಒಂಬತ್ತೋ. ಬದುವಿನ ಪಕ್ಕದ ಬಂಡಿದಾರಿಯಲ್ಲಿ ತಿರುಗಿಸಲು ಜಾಗವಿರುವುದಿಲ್ಲ. ಮೂತಿ ಒಳಗೆ ಹಾಕಿ ಹೋದ ಗಾಡಿ ಹಿಂದೆ ಹಿಂದೆಯೇ ಬರಬೇಕು. ಒಂದು ಕಡೆ ತೊಗರಿ, ಇನ್ನೊಂದು ಕಡೆ ಕಟ್ಟೆ ಕಟ್ಟದ ಬಾವಿ. ಮಳೆಗಾಲವಾದರೆ ಕರಿಮಣ್ಣು ಗಾಲಿಗೆ ಮೆತ್ತಿ, ಅಲ್ಲಿಂದ ಸಿಡಿದು ದೀಪದ ಗಾಜನ್ನೂ ಮುಚ್ಚಿರುತ್ತದೆ. ಕ್ಲೀನರ್ ಇದ್ದರೆ ಅವನು ಮೊಬೈಲಿನ ಟಾರ್ಚ್ ಹಿಡಿದು ಬಾಡಿಗೆ ಅಂಗೈಯಿಂದ ತಟ್ಟುತ್ತ ‘ಬರ್ಲಿ ಬರ್ಲಿ... ಹೋಲ್ಡಾನ್’ ಎನ್ನುತ್ತಾನೆ. ಇಲ್ಲದಿದ್ದರೆ ಡ್ರೈವರ್ ಬಾಗಿಲು ತೆರೆದು, ಅರ್ಧ ದೇಹ ಹೊರಗೆ ಚಾಚಿ, ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ದೇವರ ಮೇಲೆ ಭಾರ ಹಾಕುತ್ತಾನೆ. ಸರ್ಕಾರಿ ಬಸ್ಸಿಗಾದರೆ ಕಂಡಕ್ಟರ್ ಇಳಿದು ಸೀಟಿ ಊದುತ್ತಾನೆ. ಸ್ವಂತದ ಪಿಕಪ್ಪಿಗೆ ಆ ಭಾಗ್ಯ ಎಲ್ಲಿಯದು.

ಗಾಡಿಯ ಜೊತೆ ಕಂಪನಿ ಕೊಟ್ಟ ರಿವರ್ಸ್ ಲೈಟಿಗೆ ಎರಡು ಕೆಲಸ. ಒಂದು, ‘ಗಾಡಿ ಹಿಂದೆ ಬರ್ತಿದೆ, ಸರಿಯಿರಿ’ ಎಂದು ಹಿಂದಿನವರಿಗೆ ತಿಳಿಸುವುದು. ಎರಡು, ಚಾಲಕನಿಗೆ ಹಿಂದಿನ ನೆಲ ತೋರಿಸುವುದು. ಕಾರ್ಖಾನೆಯವರು ಮನಸ್ಸಿಟ್ಟು ಮಾಡುವುದು ಬಹುತೇಕ ಮೊದಲನೆಯದನ್ನೇ. ಎರಡನೆಯದಕ್ಕೆ ಪೇಟೆಯ ಬೀದಿದೀಪವಿದೆಯೆಂದು ನಂಬಿದಂತಿರುತ್ತಾರೆ. ಸಾಮಾನ್ಯವಾಗಿ ಒಳಗಿರುವುದು 21 ವ್ಯಾಟಿನ ಒಂದೇ ತಂತುವಿನ ಬಲ್ಬು, ಬ್ರೇಕ್ ಲೈಟು ಇಂಡಿಕೇಟರುಗಳಿಗೆ ಬರುವ ಜಾತಿಯದೇ. ಹೊಸದರಲ್ಲಿ, ಪೂರ್ತಿ ವೋಲ್ಟೇಜ್ ಸಿಕ್ಕರೆ, ಅದು ಸುಮಾರು 460 ಲುಮೆನ್ ಬೆಳಕು ಕೊಡುತ್ತದೆ. ಐದಾರು ಮೀಟರ್ ನೆಲ ಕಾಣಲು ಅದು ತೀರಾ ಕಡಿಮೆಯೇನಲ್ಲ. ಆದರೆ ನಾಲ್ಕು ಮಳೆಗಾಲ ಕಂಡ ಗಾಡಿಯಲ್ಲಿ ಆ ಬೆಳಕು ಯಾಕೆ ಕಾಣುವುದಿಲ್ಲ? ಇಲ್ಲಿಂದ ಉಸ್ತಾದರ ಕೆಲಸ ಶುರು.

ಗಿರಾಕಿ ಬಂದವನೇ ಹೇಳುವ ಮಾತು ಒಂದೇ:

“ಉಸ್ತಾದ್, ಹಿಂದ ಏನೂ ಕಾಣಲ್ಲಾಗ್ಯಾದ. ಒಂದು ಛಲೋ ಎಲ್‌ಇಡಿ ಹಾಕಿಬಿಡ್ರಿ.”

“ಹಾಕಮ ತಗೋ ಅಣ್ಣ. ಮೊದಲ ಇದ್ದ ಬಲ್ಬಿಗಿ ಕರೆಂಟ್ ಎಷ್ಟು ಮುಟ್ಟಲತ್ತದ ನೋಡಮ.”

ಮೀಟರು ಹೊರಗೆ ಬರುತ್ತದೆ. ಎಂಜಿನ್ ಚಾಲೂ ಇದ್ದಾಗ ಬ್ಯಾಟರಿಯ ಮೇಲೆ 13.8ರಿಂದ 14.2 ವೋಲ್ಟ್ ಇರಬೇಕು, ಇರುತ್ತದೆ. ರಿವರ್ಸ್ ಗೇರ್ ಹಾಕಿಸಿ, ಬಲ್ಬು ಉರಿಯುತ್ತಿರುವಾಗಲೇ ಹೋಲ್ಡರಿನ ಎರಡು ತುದಿಗೆ ಮೀಟರಿನ ಕಡ್ಡಿ ಇಟ್ಟರೆ 11.2 ಅಂತ ತೋರಿಸಿತು ಅನ್ನಿ. ಬಲ್ಬು ಉರಿಯುವಾಗಲೇ ಅಳೆಯಬೇಕು ಎಂಬುದು ಇಲ್ಲಿನ ಗುಟ್ಟು. ಬಲ್ಬು ತೆಗೆದು ಬರಿ ತಂತಿಯ ತುದಿ ಅಳೆದರೆ ಮೀಟರು ಪೂರ್ತಿ ವೋಲ್ಟೇಜನ್ನೇ ತೋರಿಸಿ ಮೋಸ ಮಾಡುತ್ತದೆ. ಭಾರ ಬಿದ್ದಾಗ ಮಾತ್ರ ಸೋರಿಕೆ ಬಯಲಾಗುವುದು. ಎರಡೂವರೆ ವೋಲ್ಟ್ ಹೋದರೆ ಏನು ಮಹಾ ಎನಿಸಬಹುದು. ತಂತುವಿನ ಬಲ್ಬಿನ ಸ್ವಭಾವ ಹಾಗಿಲ್ಲ. ಅದರ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಇಳಿಯುತ್ತದೆ. ಬಲ್ಬಿನ 460 ಲುಮೆನ್ನಿನ ಲೆಕ್ಕ ಬರೆದಿರುವುದು 13.5 ವೋಲ್ಟಿಗೆ. 11.2ಕ್ಕೆ ಇಳಿದರೆ ಉಳಿಯುವ ಬೆಳಕು ಹತ್ತಿರಹತ್ತಿರ ಅರ್ಧ. ಶೇಕಡಾ ಹತ್ತು ವೋಲ್ಟ್ ಕಮ್ಮಿಯಾದರೂ ಸಾಕು, ಮೂರರಲ್ಲಿ ಒಂದು ಪಾಲು ಬೆಳಕು ಹೋಯಿತು. ಉಳಿದದ್ದೂ ಬಿಳುಪು ಕಳೆದುಕೊಂಡು ಹಳದಿಯಾಗಿರುತ್ತದೆ.

ಅಂದರೆ ಗಿರಾಕಿ ಕೇಳಿದ ‘ದುಪ್ಪಟ್ಟು ಬೆಳಕು’ ಆಗಲೇ ಅವನ ಗಾಡಿಯಲ್ಲೇ ಇದೆ. ದಾರಿಯಲ್ಲಿ ಸೋರಿಹೋಗುತ್ತಿದೆ ಅಷ್ಟೆ. ಕಾಲುವೆಯ ಕೊನೆಯ ಹೊಲದವನ ಪಾಡೇ ಇದು: ಮೇಲೆ ನೀರು ಬಿಟ್ಟಿದ್ದು ನಿಜ, ಇವನ ಮಡಿಗೆ ಬಂದಿದ್ದು ಸುಳ್ಳು. ಬ್ಯಾಟರಿಯಿಂದ ಫ್ಯೂಸಿಗೆ, ಫ್ಯೂಸಿನಿಂದ ಚಾವಿ ಸ್ವಿಚ್ಚಿಗೆ, ಅಲ್ಲಿಂದ ಗೇರ್‌ಬಾಕ್ಸಿನ ಮೇಲಿನ ರಿವರ್ಸ್ ಸ್ವಿಚ್ಚಿಗೆ, ಮತ್ತೆ ಚಾಸಿಯ ಉದ್ದಕ್ಕೂ ಹಿಂದಕ್ಕೆ ಹೋಗುವ ಸಣ್ಣ ತಂತಿ, ನಡುವೆ ಎರಡು ಮೂರು ಕಪ್ಲರು, ಕೊನೆಗೆ ಹೋಲ್ಡರು. ಅಲ್ಲಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ವಾಪಸು. ಪ್ರತಿಯೊಂದು ಕೂಡುಗಂಟೂ ತನ್ನ ಪಾಲು ಮುರಿದುಕೊಂಡೇ ಮುಂದಕ್ಕೆ ಬಿಡುವುದು.

ಇಷ್ಟರಲ್ಲಿ ಅತಿ ದೊಡ್ಡ ಕಳ್ಳ ಯಾವಾಗಲೂ ಆ ಕೊನೆಯದು, ವಾಪಸು ದಾರಿ. ಅರ್ಥ್. ತಂತಿ ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಎಲ್ಲರೂ ತಂತಿಯನ್ನು ಅನುಮಾನಿಸುತ್ತಾರೆ. ಅರ್ಥ್ ಒಂದು ತುಕ್ಕು ಹಿಡಿದ ಬೋಲ್ಟಿನ ರೂಪದಲ್ಲಿ ಲೈಟಿನ ಹಿಂದೆ ಕೂತಿರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಅದು ಕೆಟ್ಟಿದೆ ಎನ್ನಲು ಕೆಲವು ಗುರುತುಗಳಿವೆ. ಇಂಡಿಕೇಟರ್ ಹಾಕಿದರೆ ಅದೇ ಪೆಟ್ಟಿಗೆಯ ಬ್ರೇಕ್ ಲೈಟೂ ಜೊತೆಗೆ ಮಿಣುಕುವುದು, ಬ್ರೇಕ್ ತುಳಿದರೆ ರಿವರ್ಸ್ ಲೈಟು ಮಂಕಾಗಿ ಕೆಂಡದಂತೆ ಕಾಣುವುದು. ಸರಿಯಾದ ವಾಪಸು ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ತಂತುವಿನೊಳಗೆ ನುಗ್ಗಿ ಮನೆಗೆ ಹೋಗಲು ನೋಡುತ್ತಿದೆ ಎಂದು ಅದರ ಅರ್ಥ. ಡ್ರೈವರುಗಳು ಇದನ್ನು ‘ಗಾಡಿಗೆ ದೆವ್ವ ಹಿಡಿದಿದೆ’ ಎಂದು ನಗುವುದುಂಟು.

ಒಳ್ಳೆಯ ಉಸ್ತಾದರು ಇದನ್ನು ಸರಿಪಡಿಸುವುದು ನೋಡಬೇಕಾದ್ದು. ಮೀಟರಿನ ಒಂದು ಕಡ್ಡಿಗೆ ಉದ್ದನೆಯ ತಂತಿ ಕಟ್ಟಿ ಅದನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸುತ್ತಾರೆ. ಇನ್ನೊಂದನ್ನು ಉರಿಯುವ ಲೈಟಿನ ಹೋಲ್ಡರಿನ ಮೈಗೆ ಒತ್ತುತ್ತಾರೆ. ಎರಡೂ ಮೈನಸ್ಸೇ, ಆದ್ದರಿಂದ ಸೊನ್ನೆ ಬರಬೇಕು. 0.9 ಬಂದರೆ ಅಷ್ಟೂ ವೋಲ್ಟ್ ತುಕ್ಕಿನಲ್ಲಿ ಸುಟ್ಟುಹೋಗುತ್ತಿದೆ. ಬೋಲ್ಟು ಬಿಚ್ಚುತ್ತಾರೆ. ಚಾಸಿಯ ಬಣ್ಣ, ತುಕ್ಕು, ಒಣಗಿದ ಮಣ್ಣು ಎಲ್ಲವನ್ನೂ ಪಾಲಿಶ್ ಕಾಗದದಲ್ಲಿ ಉಜ್ಜಿ ಒಂದು ರೂಪಾಯಿ ನಾಣ್ಯದಷ್ಟಗಲ ಉಕ್ಕಿನ ಹೊಳಪು ತರುತ್ತಾರೆ. ಹಳೆಯ ತಂತಿಯ ತುದಿ ಕಪ್ಪಾಗಿದ್ದರೆ, ಕೆಂಪು ತಾಮ್ರ ಕಾಣುವತನಕ ಕತ್ತರಿಸುತ್ತ ಹೋಗುತ್ತಾರೆ. ಕೆಲವೊಮ್ಮೆ ಒಂದು ಗೇಣು ಹೋಗುತ್ತದೆ, ಅಷ್ಟು ದೂರ ಒಳಗೆ ನೀರೇರಿರುತ್ತದೆ. ತಂತಿಯ ತುದಿಗೆ ಹೊಸ ತಿಂಬಲ್ ಒತ್ತಿ, ಹಲ್ಲಿನ ವಾಷರ್ ಹಾಕಿ ಬಿಗಿಯುತ್ತಾರೆ. ಆ ವಾಷರಿನ ಹಲ್ಲುಗಳು ಲೋಹದೊಳಗೆ ಕಚ್ಚಿ ಕೂರುವುದರಿಂದ ಗಾಡಿ ಎಷ್ಟು ಕುಲುಕಿದರೂ ಹಿಡಿತ ತಪ್ಪದು. ಎಲ್ಲ ಬಿಗಿದಾದ ಮೇಲೆ ಹೊರಗಿನಿಂದ ಗ್ರೀಸ್ ಸವರುತ್ತಾರೆ, ಮೊದಲೇ ಅಲ್ಲ. ಮತ್ತೆ ಮೀಟರು: 0.05. ಗಿರಾಕಿ ಹಿಂದೆ ಹೋಗಿ ನೋಡುತ್ತಾನೆ. ಬಲ್ಬು ಅದೇ, ಗಾಜು ಅದೇ, ಬೆಳಕು ಬೇರೆ.

ಅಂಗಡಿಯ ಲೆಕ್ಕದಲ್ಲಿ ಈ ಕೆಲಸಕ್ಕೆ ಹೇಳಿಕೊಳ್ಳುವಂಥ ದುಡ್ಡಿಲ್ಲ. ಎಲ್‌ಇಡಿ ಮಾರಿದರೆ ನಾಲ್ಕು ಕಾಸು ಸಿಗುತ್ತಿತ್ತು. ಹಾಗಿದ್ದೂ ಮೊದಲು ಬೋಲ್ಟು ಉಜ್ಜುವವರು ಈ ರಸ್ತೆಯಲ್ಲಿ ಇನ್ನೂ ಇದ್ದಾರೆ ಎಂಬುದೇ ನಾನು ಇದನ್ನು ಬರೆಯಲು ಕಾರಣ.

ಇಷ್ಟಕ್ಕೇ ತೃಪ್ತರಾಗಿ ಹೋಗುವವರು ಅರ್ಧ ಮಂದಿ. ಉಳಿದವರಿಗೆ, ಅದರಲ್ಲೂ ದಿನಾ ರಾತ್ರಿ ಹೊಲಕ್ಕಿಳಿಯುವವರಿಗೆ, ಇನ್ನೂ ಬೆಳಕು ಬೇಕೇಬೇಕು. ಆಗ ರಿಲೇ ಬರುತ್ತದೆ.

ಗೇರ್‌ಬಾಕ್ಸಿಗೆ ತಿರುಪಿ ಕೂರಿಸಿದ ರಿವರ್ಸ್ ಸ್ವಿಚ್ ಬಹಳ ಸಣ್ಣ ಜೀವ. ಒಳಗೆ ಒಂದು ಗುಂಡು, ಅದರ ಹಿಂದೆ ಸ್ಪ್ರಿಂಗು, ಕೂಡಿ ಬಿಡುವ ಎರಡು ತುದಿ. ರಿವರ್ಸ್ ಗೇರ್ ಬಿದ್ದಾಗ ಒಳಗಿನ ಸರಳು ಗುಂಡನ್ನು ಒತ್ತುತ್ತದೆ, ಲೈಟು ಹತ್ತುತ್ತದೆ. 21 ವ್ಯಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ ಬೇಕಾದ ಮೂರೂವರೆ ಆಂಪಿಯರ್ ಹೊರುವುದಕ್ಕಷ್ಟೇ ಅದನ್ನು ಮಾಡಿರುವುದು. ಎಲ್‌ಇಡಿ ಬರುವುದಕ್ಕೆ ಮುಂಚೆ ಹೆಡ್‌ಲೈಟಿನ 55 ವ್ಯಾಟಿನ ಹ್ಯಾಲೋಜನ್ನನ್ನೇ ಹಿಂದಿನ ಪೆಟ್ಟಿಗೆಗೆ ಹೇಗೋ ತುರುಕುವ ಚಾಳಿಯಿತ್ತು. ಎರಡು ಹಾಕಿದರೆ ಒಂಬತ್ತು ಆಂಪಿಯರು! ಮೊದಲು ಪ್ಲಾಸ್ಟಿಕ್ ಗಾಜು ಮೇಣದಂತೆ ಬಾಗುತ್ತಿತ್ತು, ಆಮೇಲೆ ಸ್ವಿಚ್ಚಿನ ತುದಿಗಳು ಸುಟ್ಟು ಕಪ್ಪಾಗುತ್ತಿದ್ದವು. ಸ್ವಿಚ್ ಬದಲಿಸಲು ಬಿಚ್ಚಿದರೆ ಗೇರ್ ಆಯಿಲ್ ಸೋರುವ ಖರ್ಚು ಬೇರೆ.

ರಿಲೇ ಈ ಸಂಕಟಕ್ಕೆ ಹುಟ್ಟಿದ್ದು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಈ ಡಬ್ಬಿಗೆ ನಾಲ್ಕು ಕಾಲು, ಪ್ರತಿಯೊಂದರ ಪಕ್ಕ ಅಂಕಿ: 85, 86, 30, 87. ಬಹುತೇಕ ಎಲ್ಲ ಕಂಪನಿಗಳ ರಿಲೇಗಳಲ್ಲೂ ಅಂಕಿ ಇವೇ. ಜರ್ಮನಿಯವರು ಮಾಡಿದ ಗುರುತು ಬಸವಕಲ್ಯಾಣದ ಹುಡುಗನಿಗೂ ಬಾಯಿಪಾಠ. 85 ಮತ್ತು 86ರ ನಡುವೆ ಒಳಗೆ ತಂತಿಸುರುಳಿಯಿದೆ. ಹಳೆಯ ರಿವರ್ಸ್ ತಂತಿಯನ್ನು 86ಕ್ಕೆ ಕೊಟ್ಟು, 85ನ್ನು ಅರ್ಥ್ ಮಾಡಿದರೆ ಗೇರ್‌ಬಾಕ್ಸಿನ ಸ್ವಿಚ್ಚು ಇನ್ನು ಹೊರಬೇಕಾದ್ದು ಈ ಸುರುಳಿಯ ಭಾರವನ್ನು ಮಾತ್ರ, ಒಂದು ಆಂಪಿಯರಿನ ಐದರಲ್ಲೊಂದು ಪಾಲಿಗೂ ಕಡಿಮೆ. ಸುರುಳಿ ಅಯಸ್ಕಾಂತವಾಗಿ ‘ಟಕ್’ ಎಂದು 30ನ್ನೂ 87ನ್ನೂ ಕೂಡಿಸುತ್ತದೆ. ಬ್ಯಾಟರಿಯಿಂದ ದಪ್ಪ ತಂತಿಯಲ್ಲಿ ನೇರ ಬಂದ ಕರೆಂಟು 30ರಿಂದ 87ಕ್ಕೆ ದಾಟಿ ಹಿಂದಕ್ಕೆ ಹೋಗುತ್ತದೆ. ಬ್ಯಾಟರಿಯ ಬುಡದಲ್ಲಿ, ಗೇಣಿನೊಳಗೆ, ಫ್ಯೂಸ್: ಬಹುಮಟ್ಟಿಗೆ ಹತ್ತು ಆಂಪಿಯರಿನ ಕೆಂಪಿನದು ಸಾಕು. ಫ್ಯೂಸು ಲೈಟಿನ ಹತ್ತಿರ ಹಾಕುವವರನ್ನು ಕಂಡರೆ ಉಸ್ತಾದರಿಗೆ ಸಿಟ್ಟು. ನಡುದಾರಿಯಲ್ಲಿ ತಂತಿ ಚಾಸಿಗೆ ಉಜ್ಜಿ ಸುಟ್ಟರೆ ಆ ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಸುರುಳಿಗೆ ಅಡ್ಡಲಾಗಿ ಒಂದು ಡಯೋಡ್ ಇರುವ ರಿಲೇಯನ್ನೇ ಕೇಳಿ ತರುತ್ತಾರೆ ಕೆಲವರು. ಕರೆಂಟು ನಿಂತ ಕ್ಷಣದಲ್ಲಿ ಸುರುಳಿಯೊಳಗಿನ ಕಾಂತ ಕುಸಿಯುವಾಗ ಹುಟ್ಟುವ ವೋಲ್ಟೇಜಿನ ಒದೆ ನೂರು ದಾಟಬಹುದು. ಹಳೆಯ ಗಾಡಿಗೆ ಅದು ಲೆಕ್ಕವಿಲ್ಲ. ಅದೇ ತಂತಿಯಿಂದ ಕ್ಯಾಮರಾ ಎಳೆದಿದ್ದರೆ ಅದಕ್ಕೆ ಏಟು.

ತಂತಿಯ ದಪ್ಪವೂ ಕಣ್ಣಳತೆಯ ವಿಷಯವಲ್ಲ. ಅರ್ಧ ಚದರ ಮಿ.ಮೀ. ತಾಮ್ರದ ತಂತಿ ಮೀಟರಿಗೆ ಸುಮಾರು 37 ಮಿಲಿಓಮ್ ತಡೆ ಒಡ್ಡುತ್ತದೆ. ಆರು ಮೀಟರ್ ಎಳೆದು ಮೂರೂವರೆ ಆಂಪಿಯರ್ ಹರಿಸಿದರೆ ಮುಕ್ಕಾಲು ವೋಲ್ಟ್ ತಂತಿಯಲ್ಲೇ ಖರ್ಚು. ಒಂದೂವರೆ ಚದರದ ತಂತಿ ಹಾಕಿದರೆ ಅದು ಕಾಲು ವೋಲ್ಟಿಗೆ ಇಳಿಯುತ್ತದೆ. ಜೋಡಣೆಯನ್ನು ತಿರುಚಿ ಟೇಪು ಸುತ್ತುವುದು ಸುಲಭ, ಆದರೆ ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿಗೆ ಟೇಪಿನ ಗೋಂದು ಕರಗಿ ಬಿಚ್ಚಿಕೊಳ್ಳುತ್ತದೆ, ಜೂನಿನ ಮೊದಲ ಮಳೆಗೆ ಒಳಗೆ ಹಸಿರು ಪಾಚಿಯಂಥ ಕಿಲುಬು. ಆದ್ದರಿಂದ ಸೋಲ್ಡರ್ ಅಥವಾ ಒತ್ತಿದ ಕೊಳವೆ, ಮೇಲೆ ಬಿಸಿಗೆ ಕುಗ್ಗುವ ಸ್ಲೀವು. ತಂತಿ ಲೈಟಿನೊಳಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಬೇಕು. ಮಳೆನೀರು ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿ ಬಿದ್ದುಹೋಗಲಿ ಎಂದು.

ಈಗ ಎಲ್‌ಇಡಿಯ ಮಾತು. ಗಿರಾಕಿ ಕೇಳಿದ್ದು ಇದನ್ನೇ, ನಾವು ಇಲ್ಲಿಗೆ ಬರಲು ಇಷ್ಟು ಹೊತ್ತಾಯಿತು. ಎರಡು ದಾರಿಗಳಿವೆ. ಮೊದಲನೆಯದು, ಇದ್ದ ಹೋಲ್ಡರಿನಲ್ಲೇ ಹಳೆಯ ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಲ್ಬು ಕೂರಿಸುವುದು. ನನಗೆ ಇದರ ಮೇಲೆ ಅಷ್ಟು ನಂಬಿಕೆಯಿಲ್ಲ. ಹಿಂದಿನ ಪೆಟ್ಟಿಗೆಯ ಬೆಳ್ಳಿಬಣ್ಣದ ಬಟ್ಟಲನ್ನು ಒಂದು ಸಣ್ಣ ತಂತುವಿಗೆಂದು, ಅದು ಇರುವ ನಿಖರ ಜಾಗಕ್ಕೆಂದು ಕಡೆದಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹೊರಡುವುದು ಸುತ್ತಲಿನ ಹತ್ತಾರು ಚುಕ್ಕೆಗಳಿಂದ. ಬಟ್ಟಲಿಗೆ ಅದನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿಯದು. ಹಿಂದಿನಿಂದ ನಿಂತು ನೋಡಿದರೆ ಕಣ್ಣು ಕುಕ್ಕುತ್ತದೆ, ನೆಲ ನೋಡಿದರೆ ಅಲ್ಲಿ ಏನೂ ಬಿದ್ದಿರುವುದಿಲ್ಲ. ಡಬ್ಬಿಯ ಮೇಲೆ ಬರೆದ ವ್ಯಾಟಿನ ಅಂಕಿಯನ್ನಂತೂ ಯಾರೂ ನಂಬಬಾರದು. ಹೆಬ್ಬೆರಳಿನ ಗಾತ್ರದ ಬಲ್ಬು ಐವತ್ತು ವ್ಯಾಟ್ ನುಂಗಿದ್ದರೆ ಅದು ಮುಚ್ಚಿದ ಪೆಟ್ಟಿಗೆಯಲ್ಲಿ ಹತ್ತು ನಿಮಿಷ ಬದುಕುತ್ತಿರಲಿಲ್ಲ. ಬಿಸಿ ಹೊರಹಾಕಲು ಅದಕ್ಕೆ ಜಾಗವೇ ಇಲ್ಲ. ಹೊಸ ಬಿಎಸ್ 6 ಗಾಡಿಗಳಲ್ಲಿ ಇನ್ನೊಂದು ತಾಪತ್ರಯ: ಗಾಡಿಯ ಕಂಪ್ಯೂಟರು ಕರೆಂಟು ಕಡಿಮೆಯಾಯಿತೆಂದು ‘ಬಲ್ಬು ಹೋಗಿದೆ’ ಎಂಬ ಸೂಚನೆ ತೋರಿಸಿ ಕೂರಬಹುದು, ಅಥವಾ ಎಲ್‌ಇಡಿ ಮಿಣುಕಬಹುದು.

ಎರಡನೆಯ ದಾರಿ, ಕಂಪನಿಯ ಲೈಟನ್ನು ಹಾಗೆಯೇ ಬಿಟ್ಟು, ಕೆಳಗೆ ಬೇರೆಯಾಗಿ ಒಂದೋ ಎರಡೋ ಎಲ್‌ಇಡಿ ದೀಪ ಕೂರಿಸುವುದು. ಅಲ್ಯೂಮಿನಿಯಂ ಮೈ, ಹಿಂದೆ ಶಾಖ ಬಿಡುವ ರೆಕ್ಕೆ, ಮುಂದೆ ಪ್ರತಿ ಚುಕ್ಕೆಗೂ ಅದರದೇ ಮಸೂರ. 18 ವ್ಯಾಟಿನ ಒಂದು ನಿಜವಾದ ದೀಪ 12 ವೋಲ್ಟಿನಲ್ಲಿ ಎಳೆಯುವುದು ಒಂದೂವರೆ ಆಂಪಿಯರು, ಹಳೆಯ ಬಲ್ಬಿಗಿಂತ ಕಡಿಮೆ. ಬೆಳಕು ಹಲವು ಪಟ್ಟು. ಕೊಳ್ಳುವಾಗ ನೋಡಬೇಕಾದ್ದು ಬೆಳಕು ಹರಡುವ ಬಗೆ. ದೂರಕ್ಕೆ ಈಟಿಯಂತೆ ಹೋಗುವ ದೀಪ ಹಿಂದಿನ ಕೆಲಸಕ್ಕೆ ಬರುವುದಿಲ್ಲ. ಅಗಲವಾಗಿ ಹರಡುವುದು ಬೇಕು. ನೀಲಿ ಮಿಶ್ರಿತ ಬಿಳಿಗಿಂತ ತುಸು ಬೆಚ್ಚಗಿನ ಬಿಳಿ ಒಳ್ಳೆಯದು. ದೂಳಿನಲ್ಲಿ, ಡಿಸೆಂಬರಿನ ಮಂಜಿನಲ್ಲಿ ಅದು ಕಣ್ಣಿಗೆ ಕಡಿಮೆ ರಾಚುತ್ತದೆ, ಕರಿಮಣ್ಣು–ಕೆಮ್ಮಣ್ಣಿನ ಏರಿಳಿತವನ್ನೂ ಚೆನ್ನಾಗಿ ಬಿಡಿಸಿ ತೋರಿಸುತ್ತದೆ.

ಒಂದೂವರೆ ಆಂಪಿಯರಿಗೆ ರಿಲೇ ಯಾಕೆ ಎಂದು ಜಾಣರು ಕೇಳಬಹುದು. ಹಳೆಯ ಬಲ್ಬು ತೆಗೆದು ಅದರ ಜಾಗಕ್ಕೆ ಹಾಕುವುದಾದರೆ ಬೇಕಿಲ್ಲ. ಹಳೆಯವು ಎರಡೂ ಉಳಿದು, ಹೊಸವು ಎರಡು ಸೇರಿ, ಮೇಲೆ ರಿವರ್ಸ್ ಟ್ಯೂನು, ಕ್ಯಾಮರಾ ಎಲ್ಲ ಒಂದೇ ತಂತಿಗೆ ಜೋತುಬಿದ್ದರೆ ಬೇಕು.

ಲಾರಿಗಳದ್ದು 24 ವೋಲ್ಟ್. ಎರಡು ಬ್ಯಾಟರಿ ಸಾಲಾಗಿ ಕೂಡಿಸಿದ್ದು. ಕೈಯಲ್ಲಿ 12 ವೋಲ್ಟಿನ ದೀಪವಿದೆಯೆಂದು ಒಂದೇ ಬ್ಯಾಟರಿಯಿಂದ ತಂತಿ ಎಳೆಯುವ ಕೆಟ್ಟ ಉಪಾಯ ಬಹಳ ಕಡೆ ನಡೆಯುತ್ತದೆ. ಲೈಟು ಚೆನ್ನಾಗಿಯೇ ಉರಿಯುತ್ತದೆ. ಆದರೆ ಒಂದು ಬ್ಯಾಟರಿ ಬರಿದಾಗುತ್ತ, ಇನ್ನೊಂದು ಅತಿಯಾಗಿ ಚಾರ್ಜಾಗುತ್ತ, ಜೋಡಿಯೇ ಹಾಳಾಗುತ್ತದೆ. ಮಾಲೀಕ ಬ್ಯಾಟರಿ ಕಂಪನಿಯನ್ನು ಬಯ್ಯುತ್ತಾನೆ. 9ರಿಂದ 32 ವೋಲ್ಟಿನವರೆಗೆ ತಾಳುವ ಎಲ್‌ಇಡಿಗಳು ಧಾರಾಳವಾಗಿ ಸಿಗುವ ಈ ಕಾಲದಲ್ಲಿ ಅದಕ್ಕೆ ಕಾರಣವೇ ಇಲ್ಲ.

ದೀಪ ಎಲ್ಲಿ ಕೂರಿಸಬೇಕು ಎಂಬುದರಲ್ಲಿ ಬುದ್ಧಿವಂತಿಕೆಯೆಲ್ಲ ಇದೆ. ಕಾರಿನವನು ತಿರುಗಿ ಹಿಂದಿನ ಗಾಜಿನಿಂದ ನೋಡುತ್ತಾನೆ, ಅವನಿಗೆ ನಡುವಿನ ಬೆಳಕು ಸರಿ. ಮಾಲು ತುಂಬಿದ ಪಿಕಪ್ಪಿನವನಿಗೆ, ಲಾರಿಯವನಿಗೆ ಹಿಂದಿನ ಕಿಟಕಿಯೇ ಇಲ್ಲ. ಅವನ ಲೋಕ ಅಕ್ಕಪಕ್ಕದ ಎರಡು ಕನ್ನಡಿಯಲ್ಲಿ ಕಾಣುವ ಎರಡು ಪಟ್ಟಿ ನೆಲ ಮಾತ್ರ. ಬಾಡಿಯ ನಡುವೆ ಬೆಳಗುವ ದೀಪ ಅವನು ಎಂದೂ ಕಾಣದ ಜಾಗವನ್ನು ಬೆಳಗಿಸುತ್ತಿರುತ್ತದೆ. ಇದನ್ನು ಅರಿತ ಉಸ್ತಾದರು ದೀಪ ಬಿಗಿಯುವ ಮೊದಲು ತಾವೇ ಡ್ರೈವರ್ ಸೀಟಿಗೆ ಹತ್ತಿ ಕೂತು ಎರಡೂ ಕನ್ನಡಿ ನೋಡುತ್ತಾರೆ, ಹುಡುಗನನ್ನು ಹಿಂದೆ ನಿಲ್ಲಿಸಿ ‘ಇನ್ನೂ ಹೊರಗ... ಇನ್ನೂ... ಅಲ್ಲೇ’ ಎಂದು ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಗುರುತು ಹಾಕಿಸುತ್ತಾರೆ. ದೀಪಗಳು ಆ ಗುರುತುಗಳ ಕಡೆ, ಅಂದರೆ ತುಸು ಹೊರಮುಖವಾಗಿ, ಹಿಂದಿನ ಗಾಲಿಯ ಹಿಂದೆ ಚಾಸಿಗೆ ಬಿಗಿಯಾಗುತ್ತವೆ. ಹಿಂದಿನ ಗಾಲಿ ಬದುವಿನಿಂದ ಎಷ್ಟು ದೂರವಿದೆ ಎಂಬುದೇ ಅವನಿಗೆ ಬೇಕಾದ ಸುದ್ದಿ, ಅದೀಗ ಕನ್ನಡಿಗೆ ಬಂತು.

ಎತ್ತರಕ್ಕೂ ಕಟ್ಟಳೆಯಿದೆ. ವಿಶ್ವಸಂಸ್ಥೆಯ ವಾಹನ ನಿಯಮಗಳು ರಿವರ್ಸ್ ದೀಪ ನೆಲದಿಂದ 25 ಸೆಂ.ಮೀ.ಗೆ ಕಡಿಮೆಯಿಲ್ಲದೆ, 120 ಸೆಂ.ಮೀ.ಗೆ ಹೆಚ್ಚಿಲ್ಲದೆ ಇರಬೇಕೆನ್ನುತ್ತವೆ. ಹೊಲಕ್ಕೆ ಹೋಗುವ ಗಾಡಿಯಲ್ಲಿ ತೀರಾ ಕೆಳಗಿಟ್ಟರೆ ಕಲ್ಲಿಗೆ ಬಡಿಯುತ್ತದೆ, ಮಣ್ಣು ಮುಚ್ಚುತ್ತದೆ. ಓರೆಯ ಲೆಕ್ಕ ಸುಲಭ. ಹಿಂದಕ್ಕೆ ಹೋಗುವ ವೇಗ ಗಂಟೆಗೆ ಐದು ಕಿ.ಮೀ. ಎಂದರೆ ಸೆಕೆಂಡಿಗೆ ಒಂದೂವರೆ ಮೀಟರಿಗೂ ಕಡಿಮೆ. ಕಂಡು, ಬ್ರೇಕ್ ತುಳಿದು, ನಿಲ್ಲುವಷ್ಟರಲ್ಲಿ ಮೂರು ಮೀಟರ್ ಅನ್ನಿ. ಐದು ಮೀಟರ್ ನೆಲ ಕಂಡರೆ ಸಾಕು. ದೀಪ 90 ಸೆಂ.ಮೀ. ಎತ್ತರದಲ್ಲಿದ್ದು ಅದರ ನಡುಬೆಳಕು ಐದು ಮೀಟರಿನಲ್ಲಿ ನೆಲ ಮುಟ್ಟಬೇಕಾದರೆ, ಗೋಡೆಯಿಂದ ಎರಡೂವರೆ ಮೀಟರ್ ದೂರ ಗಾಡಿ ನಿಲ್ಲಿಸಿದಾಗ ಗೋಡೆಯ ಮೇಲೆ ಆ ಬೆಳಕು 45 ಸೆಂ.ಮೀ. ಎತ್ತರದಲ್ಲಿ ಬೀಳಬೇಕು. ಸುಣ್ಣದ ಗೆರೆ ಎಳೆದು ಅಷ್ಟಕ್ಕೆ ಬಗ್ಗಿಸಿ ಬೋಲ್ಟು ಬಿಗಿಯುವುದು. ಇದಕ್ಕಿಂತ ಮೇಲೆತ್ತಿದರೆ ಹಿಂದೆ ನಿಂತು ಕೈಸನ್ನೆ ಮಾಡುವ ಕ್ಲೀನರನ ಕಣ್ಣಿಗೇ ಹೊಡೆಯುತ್ತದೆ. ಗಾಡಿಯ ಹಿಂದೆ ಕುರುಡಾಗಿ ನಿಂತ ಮನುಷ್ಯನಿಗಿಂತ ದೊಡ್ಡ ಅಪಾಯ ಇನ್ನೊಂದಿಲ್ಲ. ಕತ್ತಲಿಗೆ ಹೊಂದಿಕೊಂಡ ಕಣ್ಣು ಒಮ್ಮೆ ಕೆಟ್ಟರೆ ಪೂರ್ತಿ ಮರಳಲು ಇಪ್ಪತ್ತು–ಮೂವತ್ತು ನಿಮಿಷ ಬೇಕು.

ಕ್ಯಾಮರಾ ಇದ್ದವರಿಗೆ ಈ ಬೆಳಕಿನ ಅಗತ್ಯ ಇನ್ನೂ ಹೆಚ್ಚು. 2019ರ ಜುಲೈಯಿಂದ ಹೊಸ ಕಾರುಗಳಿಗೆ ಹಿಂದಿನ ಸೆನ್ಸರ್ ಕಡ್ಡಾಯವಾಯಿತು, ಅದರ ಬೆನ್ನಿಗೇ ಪಿಕಪ್ಪು, ಲಾರಿಗಳಲ್ಲೂ ಕ್ಯಾಮರಾ ಹಾಕಿಸುವವರು ಹೆಚ್ಚಾದರು. ಅಗ್ಗದ ಕ್ಯಾಮರಾ ಕತ್ತಲಲ್ಲಿ ತೋರಿಸುವುದು ಬೂದುಬಣ್ಣದ ಕುದಿತವನ್ನಷ್ಟೇ.

ಒಂದು ವಿಷಯದಲ್ಲಿ ಮಾತ್ರ ಒಳ್ಳೆಯ ಉಸ್ತಾದರು ಗಿರಾಕಿಯ ಮಾತು ಕೇಳುವುದಿಲ್ಲ. ‘ಡ್ಯಾಶ್‌ಬೋರ್ಡಿನಲ್ಲಿ ಒಂದು ಬೇರೆ ಸ್ವಿಚ್ ಕೊಡ್ರಿ’ ಎಂದು ಕೇಳುವವರು ಬಹಳ. ಅದರ ಉಪಯೋಗ ಎಲ್ಲರಿಗೂ ಗೊತ್ತು: ಹಿಂದೆ ಡಿಪ್ಪರ್ ಹಾಕದೆ ಬರುವವನ ಮುಖಕ್ಕೆ ಹೆದ್ದಾರಿಯಲ್ಲೇ ಬಿಳಿ ಬೆಳಕು ಎಸೆದು ಬುದ್ಧಿ ಕಲಿಸುವುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮದಂತೆ ಗಾಡಿಯ ಹಿಂದೆ ಕಾಣುವ ದೀಪ ಕೆಂಪಾಗಿಯೇ ಇರಬೇಕು. ನಂಬರ್ ಪ್ಲೇಟಿನ ದೀಪ, ಇಂಡಿಕೇಟರು, ರಿವರ್ಸ್ ತೆಗೆಯುವಾಗಿನ ದೀಪ ಇಂಥ ಕೆಲವಕ್ಕೆ ಮಾತ್ರ ವಿನಾಯಿತಿ. ರಾತ್ರಿ ಎಂಬತ್ತರ ವೇಗದಲ್ಲಿ ಬರುವವನಿಗೆ ಮುಂದೆ ಬಿಳಿ ದೀಪ ಕಂಡರೆ, ಗಾಡಿ ತನ್ನ ಕಡೆಗೆ ಬರುತ್ತಿದೆಯೋ ತನ್ನಿಂದ ದೂರ ಹೋಗುತ್ತಿದೆಯೋ ತಿಳಿಯದು. ಆದ್ದರಿಂದ 86ಕ್ಕೆ ಹೋಗುವ ತಂತಿ ಗೇರ್‌ಬಾಕ್ಸಿನಿಂದಲೇ ಬರಬೇಕು, ಬೇರೆಲ್ಲಿಂದಲೂ ಅಲ್ಲ. “ಬ್ಯಾರೆ ಕಡಿ ಹಾಕಿಸ್ಕೋ ಅಣ್ಣ” ಎಂದು ಹೇಳಿ ಕಳಿಸಿದ ದುಡ್ಡಿಗೆ ಲೆಕ್ಕವಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಈ ಅಂಗಡಿಗಳಿಗೆ ಬೇರೆಯೇ ಗಿರಾಕಿ. ಕಾರಂಜಾ ಜಲಾಶಯದ ನೀರು, ಕೊಳವೆಬಾವಿ ನೀರು ಹರಿದಲ್ಲೆಲ್ಲ ಕಬ್ಬಿದೆ. ನವೆಂಬರಿನಿಂದ ರಾತ್ರಿಯಿಡೀ ಟ್ರ್ಯಾಕ್ಟರುಗಳು ಟ್ರೇಲರ್ ಎಳೆದುಕೊಂಡು ಹೋಗುತ್ತವೆ. ಟ್ರ್ಯಾಕ್ಟರಿಗೆ ರಿವರ್ಸ್ ಲೈಟೆಂಬುದು ಸಾಮಾನ್ಯವಾಗಿ ಇರುವುದೇ ಇಲ್ಲ, ಮಡ್‌ಗಾರ್ಡಿನ ಮೇಲೆ ಹಿಂದಕ್ಕೆ ತಿರುಗಿದ ಒಂದು ಪ್ಲೋ ಲ್ಯಾಂಪ್ ಇರುತ್ತದೆ, ಉಳುವಾಗ ನೇಗಿಲು ನೋಡಲು. ಟ್ರೇಲರ್ ಕಟ್ಟಿದ ಕೂಡಲೇ ಅದರ ಬೆಳಕು ಕಬ್ಬಿನ ರಾಶಿಗೆ ಬಡಿದು ನಿಲ್ಲುತ್ತದೆ. ಟ್ರೇಲರಿಗೆ ಲೈಟು ಎಳೆದಿದ್ದರೂ ಅದರ ಅರ್ಥ್ ಎಳೆಪಟ್ಟಿಯ ಕೊಂಡಿಯ ಪಿನ್ನಿನ ಮೂಲಕ. ಗ್ರೀಸ್ ಮೆತ್ತಿದ ಆ ಪಿನ್ನು ಕುಲುಕಿದಾಗಲೆಲ್ಲ ಲೈಟು ಹೋಗಿ ಬರುತ್ತದೆ. ಪರಿಹಾರ ಏಳು ಕಾಲಿನ ಸಾಕೆಟ್. ಅದರಲ್ಲಿ ಮೂರನೆಯ ಕಾಲು ಇರುವುದೇ ಅರ್ಥ್‌ಗೆ, ಅದಕ್ಕೆಂದೇ ಬೇರೆ ದಪ್ಪ ತಂತಿ ಎಳೆದರೆ ಪಿನ್ನಿನ ಹಂಗಿಲ್ಲ. ಆದರೆ ರಿವರ್ಸ್ ಲೈಟ್ ಕೇಳಿಕೊಂಡು ಬಂದ ಟ್ರ್ಯಾಕ್ಟರಿನವನ ಟ್ರೇಲರಿನ ಹಿಂದೆ ಹೋಗಿ ನೋಡಿದರೆ ಬಹುತೇಕ ಸಲ ಅಲ್ಲಿ ಕೆಂಪು ದೀಪವೂ ಇರುವುದಿಲ್ಲ, ಪ್ರತಿಫಲಿಸುವ ಪಟ್ಟಿಯೂ ಇರುವುದಿಲ್ಲ. ಇದ್ದರೂ ಕಬ್ಬಿನ ಗರಿ ಜೋತು ಮುಚ್ಚಿರುತ್ತದೆ. ಅಂಥವನಿಗೆ ಉಸ್ತಾದರು ಮೊದಲು ಹಾಕಿಕೊಡುವುದು ಆ ಎರಡು ಕೆಂಪು ದೀಪ, ಗರಿಗಿಂತ ಕೆಳಗೆ ಇಳಿಬಿಟ್ಟ ಪಟ್ಟಿಯ ಮೇಲೆ. ಬಿಳಿಯದು ಉಳಿದ ದುಡ್ಡಿನಲ್ಲಿ.